ಬೀರುವಿನಿಂದ ಕಿಟಕಿಗೆ

ಗುರುವಾರ, ಮಾರ್ಚ್ ೬

ನಗು ಇನ್ನೂ ನಿಂತಿಲ್ಲ, ಅಕ್ಷರಗಳೆಲ್ಲ ಸೊಟ್ಟಗಾಗುತ್ತಿವೆ. ಬೆಳಿಗ್ಗೆ ಮಾತ್ರ ಅಳುವುದೊಂದೇ ಬಾಕಿಯಿತ್ತು.

ನಮ್ಮ ರಸ್ತೆಯ ಮರಗಳನ್ನು ಒಣಗಿಸುತ್ತಿರುವ ಶಿಲೀಂಧ್ರ ಯಾವುದೆಂದು ತಿಳಿಯಲು ಅದರ ಬೀಜಕಣ ಸಿಗಲೇಬೇಕು. ಇಲ್ಲದಿದ್ದರೆ ಸೋಮವಾರ ಹನ್ನೊಂದು ಮರಗಳಿಗೂ ಕೊಡಲಿ. ಕೊನೆಯ ತೊಗಟೆಯ ಚೂರನ್ನು ಒದ್ದೆ ಕಾಗದದ ಜೊತೆ ಗಾಜಿನ ಡಬ್ಬಿಯಲ್ಲಿಟ್ಟು, ಬೀರುವಿನ ಕತ್ತಲಲ್ಲಿ ಮೂರು ವಾರ ಮುಟ್ಟದೆ ಕಾದಿದ್ದೆ. ಇವತ್ತು ತೆಗೆದರೆ ಡಬ್ಬಿಯೇ ಇಲ್ಲ, ಬರೀ ಇವರ ಶರ್ಟುಗಳು!

"ಪರದೆ ಹಿಂದೆ, ಕಿಟಕಿಯಲ್ಲಿಟ್ಟು ಐದು ದಿನ ಆಯ್ತು ಕಣೇ. ಮದುವೆಯಾದ್ಮೇಲೆ ನನ್ನ ಶರ್ಟಿಗೂ ಒಂಚೂರು ಜಾಗ ಬೇಡ್ವಾ?"

"ಅಯ್ಯೋ, ನನ್ನ ರಿಸರ್ಚ್ ಹಾಳು ಮಾಡಿದ್ರಲ್ರೀ!"

ಕಿರುಚುತ್ತಲೇ ಡಬ್ಬಿ ಎತ್ತಿ ನೋಡಿದೆ. ತೊಗಟೆಯ ಮೇಲೆಲ್ಲ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು!

ಲ್ಯಾಬಿನಲ್ಲಿ ನನ್ನ ಗೈಡ್ ಮೇಡಂ ಮೈಕ್ರೋಸ್ಕೋಪಿನಿಂದ ತಲೆಯೆತ್ತಲೇ ಇಲ್ಲ. "ಬೇಕಾದಷ್ಟು ಬೀಜಕಣ ಇದೆ ಕಣಮ್ಮ. ಇದಕ್ಕೆ ಬೆಳಕು ಬೇಕಿತ್ತು ಅನ್ಸುತ್ತೆ. ಯಾವ ಶಿಲೀಂಧ್ರ ಅಂತ ಗೊತ್ತಾಯ್ತು, ಕಾಂಡಕ್ಕೆ ಇಳಿಯೋದಲ್ಲ. ರೋಗದ ಕೊಂಬೆಗಳನ್ನಷ್ಟೇ ಕಡಿದ್ರೆ ಸಾಕು, ಮರ ಉಳಿಯುತ್ತೆ. ಕಿಟಕಿಯಲ್ಲಿಡೋ ಬುದ್ಧಿ ಯಾರದ್ದು?"

"ನಮ್ಮನೆಯವರದ್ದು," ಎಂದೆ, ಎದೆಯುಬ್ಬಿಸಿ.

ಈಗ ಇವರು "ನಿನ್ನ ಪೇಪರಿನಲ್ಲಿ ನನ್ನ ಹೆಸರೇ ಮೊದಲು" ಎಂದು ಕಾಡುತ್ತಿದ್ದಾರೆ. ಬಹುಮಾನವಾಗಿ ಬೀರು ಪೂರ್ತಿ ಬಿಟ್ಟುಕೊಟ್ಟೆ, ಪಾಪ, ಕುಣಿದಾಡಿಬಿಟ್ಟರು. ಮನೆಯ ಕಿಟಕಿಗಳಿಗೆಲ್ಲ ನಾಳೆ ಇನ್ನೂ ಹತ್ತು ಡಬ್ಬಿ ಬರುತ್ತವೆ ಎಂದು ಹೇಗೆ ಹೇಳಲಿ, ಅದರಲ್ಲೂ ಇವರು ಮಲಗುವ ಕಡೆಯ ಕಿಟಕಿಗೇ ನಾಲ್ಕು!