ತಟ್ಟೆ ತೊಳೆಯುವಾಗ ಕಂಡದ್ದು

ಮ್ಯಾನೇಜರ್ ಸಾಹೇಬರಿಗೆ,

ಕ್ಯಾಂಟೀನಿನ ಹಿರಿಯ ಅಡುಗೆಯವನ ನಮಸ್ಕಾರ.

ಪಾತ್ರೆ ತೊಳೆಯುವ ಅಕ್ಕ ನಾನು ಇಳಿಸಿಟ್ಟ ಬೇಳೆಗೆ ಕದ್ದು ಉಪ್ಪು ಹಾಕುತ್ತಿದ್ದರೆಂದು ಸೋಮವಾರ ನೀವು ಅವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದಿರಿ. ನಾನೂ, "ನನ್ನ ಅಡುಗೆಗೆ ಕೈ ಹಾಕೋಕೆ ಇವಳ್ಯಾರು?" ಎಂದು ಕೂಗಾಡಿದೆ. ಹಾಗೆ ಅನ್ನಬಾರದಿತ್ತು.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನನ್ನ ಎರಡೂ ಕಿಡ್ನಿ ಅರ್ಧಕ್ಕರ್ಧ ಕೈಕೊಟ್ಟಿವೆ. "ಇದು ವಾಸಿಯಾಗೋದಲ್ಲ, ಇರೋವಷ್ಟು ದಿನ ಸಂಭಾಳಿಸ್ಕೊಂಡು ಹೋಗ್ಬೇಕು" ಎಂದರು ಡಾಕ್ಟರು. ಆರು ತಿಂಗಳಿಂದ ಮನೆಯಲ್ಲಿ ಸಪ್ಪೆ ಊಟ. ನಾಲಿಗೆ ಅದಕ್ಕೇ ಒಗ್ಗಿಹೋಗಿ, ಈಗ ಚಿಟಿಕೆ ಉಪ್ಪು ಬಿದ್ದರೂ ಬಾಯಿಗಿಡಲಾಗುವುದಿಲ್ಲ. ಇಲ್ಲಿ ನಾನು ರುಚಿ ನೋಡಿ, ಸಾಕು ಎಂದು ಇಳಿಸುತ್ತಿದ್ದದ್ದೆಲ್ಲ ಸಪ್ಪೆಯೇ ಆಗಿರಬೇಕು.

ಅಕ್ಕ ಇಲ್ಲವೆಂದು ನಿನ್ನೆ ತಟ್ಟೆಗಳನ್ನು ನಾನೇ ತೊಳೆದೆ. ಇನ್ನೂರು ತಟ್ಟೆ, ಎಲ್ಲದರಲ್ಲೂ ಬೇಳೆ ಹಾಗೇ ಉಳಿದು ಬಂದಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಆ ತೊಟ್ಟಿಯ ಹತ್ತಿರ ಹೋದವನೇ ಅಲ್ಲ. ನನ್ನ ಬೇಳೆ ಸಪ್ಪೆಯಾದ ಮೊದಲ ದಿನವೇ ಅಕ್ಕನಿಗೆ ಇದು ಕಂಡಿರಬೇಕು. ಯಾರ ಹತ್ತಿರವೂ ಬಾಯಿ ಬಿಡದೆ ಇಷ್ಟು ದಿನ ನನ್ನ ಮಾನ ಉಳಿಸಿದರು.

ಅವರನ್ನು ವಾಪಸು ಕರೆಸಿ, ಸಾಹೇಬರೆ. ಸೌಟು ಅವರಿಗೆ ಕೊಡಿ, ತೊಳೆಯುವುದು ನನಗಿರಲಿ. ನಿಂತರೆ ಕಾಲು ಊದಿಕೊಳ್ಳುತ್ತದೆ, ತೊಟ್ಟಿಯ ಪಕ್ಕ ಒಂದು ಸ್ಟೂಲು ಹಾಕಿಸಿದರೆ ಸಾಕು. ಅವರ ಕೈ ಅಡುಗೆಯಾದರೆ ತಟ್ಟೆ ಖಾಲಿಯಾಗಿಯೇ ಬರುತ್ತದೆ, ಕೆಲಸವೂ ಹಗುರ.

ಇಂತಿ,
ನಿನ್ನೆಯವರೆಗೆ ನಿಮ್ಮ ಅಡುಗೆಯವನಾಗಿದ್ದವನು