ಎರಡು ಬೆರಳು ಗಿಡ್ಡ ತೋಳು

ಗದಗ, ೨೨೧೭ನೆಯ ಇಸವಿ, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ, ಬೆಳಿಗ್ಗೆ ಒಂಬತ್ತು ಗಂಟೆ.

ಮಾನ್ಯ ಮೈತ್ರಾದೇವಿ ಬೀಳಗಿಯವರಿಗೆ ಮುಕ್ತಾಯಿ ಕಲ್ಲಿನಾಥಳ ನಮಸ್ಕಾರಗಳು. ತಾರೀಖು ನೋಡಿ ಕಾಗದ ಹರಿಯಬೇಡಿ. ನಿಮ್ಮ ಮೇ ಮತ್ತು ಜೂನ್ ನಡುವೆ ನಾವು ಬಿಸಿಲ ತಿಂಗಳು ಎಂದು ಒಂದನ್ನು ಸೇರಿಸಿಕೊಂಡಿದ್ದೇವೆ, ಕೊನೆಗೆ ಬಂದದ್ದರಿಂದ ಅದಕ್ಕೆ ಹದಿಮೂರನೆಯದೆಂದೇ ಎಣಿಕೆ. ಬೇಸಿಗೆ ಅಷ್ಟು ಬೆಳೆದಿದೆ. ನನ್ನ ಮಾತು ವಿಚಿತ್ರವೆನಿಸಿದರೂ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಮಾಡಿದ ವಿಡಿಯೋ ಗೇಮಿನಿಂದಲೇ, ಹಾಗಾಗಿ ಅಲ್ಲಲ್ಲಿ ಅದರೊಳಗಿನ ಭೂತಗಳ ಧಾಟಿ ಬಂದಿರಬಹುದು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಹೋಗುವ ಅಂಚೆ ಅದು. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ, ಮರುಟಪಾಲು ಇಲ್ಲ. ತೀರಿಹೋದ ತಾಯಿಗೆ, ಕೈತಪ್ಪಿದ ಗೆಳೆಯನಿಗೆ ಬರೆಯಲೆಂದು ಜನ ಅದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ನಾನು ನನ್ನದನ್ನು ಆ ಗೇಮಿನೊಳಗಿನ ಒಂದು ಅಂಗಿಯ ತೋಳಿಗಾಗಿ ಬಳಸುತ್ತಿದ್ದೇನೆ. ನನಗೆ ತಲೆ ಕೆಟ್ಟಿದೆ ಎಂದು ಓಣಿಯೆಲ್ಲ ಆಡಿಕೊಳ್ಳುತ್ತಿದೆ, ಆಡಿಕೊಳ್ಳಲಿ. ಮಧ್ಯಾಹ್ನ ಹನ್ನೆರಡಕ್ಕೆ ಆ ಆಟದ ಹೊಸ ಪ್ರತಿಗೆ ಮುದ್ರೆ ಬೀಳುತ್ತದೆ. ಅಷ್ಟರೊಳಗೆ ನನಗೆ ನಿಮ್ಮಿಂದ ಒಂದು ಸಾಲು ಬೇಕು.

ನೀವು ಈಗ ಮಾಡುತ್ತಿರುವ ‘ಅಂಗಿ ಬೇಕಾದವರು’ ಆಟ ಇಲ್ಲಿ ಇನ್ನೂ ಬದುಕಿದೆ. ಕತ್ತಿ ಹಿಡಿದ ವೀರರ ಆಟಗಳೆಲ್ಲ ಮಣ್ಣುಪಾಲಾದವು, ಟೇಪು ಹಿಡಿದ ನಿಮ್ಮ ದರ್ಜಿ ಉಳಿದ. ಊರೂರು ತಿರುಗಿ ಭೂತಗಳ ಅಳತೆ ತೆಗೆದು, ಒಪ್ಪುವ ಅಂಗಿ ಹೊಲಿದುಕೊಟ್ಟು ಅವನ್ನು ತಣ್ಣಗಾಗಿಸಬೇಕು ಎಂಬ ಹುಚ್ಚು ನಿಮಗಲ್ಲದೆ ಯಾರಿಗೆ ಹೊಳೆದೀತು! ಕಂಕುಳಿಗೆ ಟೇಪು ತಾಗಿದೊಡನೆ ಕಚಗುಳಿಯಾಗಿ ಓಟ ಕೀಳುವ ಮುಳ್ಳುಭೂತವನ್ನು ಕಂಡು ನಲವತ್ತರ ನಾನು ಇಂದಿಗೂ ನಗುತ್ತೇನೆ. ಆಡಿದಷ್ಟನ್ನು ಉಳಿಸಿಕೊಳ್ಳಲು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಒಂದು ಪ್ಲೇಟು ಗಿರಮಿಟ್ ತಿನ್ನಬೇಕು. ಆ ಬೆಂಚಿನ ತುದಿಯಲ್ಲೇ ಒಬ್ಬ ಮುದುಕ ಗಿರಾಕಿ ಕೂತಿರುತ್ತಾನೆ. ಹೆಸರಿಲ್ಲ, ಮಾತಿಲ್ಲ. ಅವನ ಎಡಗೈ ಬಲಗೈಗಿಂತ ಎರಡು ಬೆರಳು ಗಿಡ್ಡ, ಆದ್ದರಿಂದ ಯಾವ ಅಂಗಿಯೂ ಸರಿಹೊಂದುವುದಿಲ್ಲ. ಎಡತೋಳನ್ನು ಬಿಚ್ಚಿ, ಬೇರೆಯಾಗಿ ಅಳೆದು, ಕೈಹೊಲಿಗೆ ಹಾಕಿಕೊಟ್ಟರೆ ಮಾತ್ರ ಅವನು ಅಂಗಿ ತೊಟ್ಟು ದರ್ಜಿಯ ಹೆಗಲು ಮುಟ್ಟುತ್ತಾನೆ.

ನನ್ನಪ್ಪ ಕಲ್ಲಿನಾಥ ಐದು ವರ್ಷದವನಿದ್ದಾಗ ಹುಣಸೆಮರದಿಂದ ಬಿದ್ದು ಎಡಗೈ ಮುರಿದುಕೊಂಡ. ಆ ಕೈ ಮುಂದೆ ಸರಿಯಾಗಿ ಬೆಳೆಯಲಿಲ್ಲ. ಏಳನೆಯ ವಯಸ್ಸಿನಲ್ಲಿ ನಿಮ್ಮ ಆಟದಲ್ಲಿ ಆ ಗಿರಾಕಿಯನ್ನು ಕಂಡ ದಿನ, ನನ್ನಂಥವನು ಇನ್ನೊಬ್ಬನಿದ್ದಾನೆ ಎಂದು ಮನೆಮಂದಿಯನ್ನೆಲ್ಲ ಕರೆದು ತೋರಿಸಿದನಂತೆ. ಈಗ ಅವನಿಗೆ ಎಂಬತ್ತೊಂದು. ನನ್ನ ಹೆಸರು ಮರೆತಿದ್ದಾನೆ, ಬಚ್ಚಲಿನ ದಾರಿ ಮರೆತಿದ್ದಾನೆ. ಆ ತೋಳಿನ ಹೊಲಿಗೆ ಮಾತ್ರ ಮರೆತಿಲ್ಲ. ದಿನಾ ಬೆಳಿಗ್ಗೆ ಅದನ್ನು ಹೊಲಿದು ಮುಗಿಸಿಯೇ ರೊಟ್ಟಿ ಮುಟ್ಟುತ್ತಾನೆ.

ನನ್ನ ಕೆಲಸ ಮರುಹೊಳಪು, ಅಂದರೆ ಹಳೆಯ ಆಟಗಳನ್ನು ಹೊಸ ಕಣ್ಣಿಗೆ ಒಗ್ಗುವಂತೆ ತಿಕ್ಕಿ ತೊಳೆಯುವುದು. ಹೊಸದಕ್ಕೆ ಮುದ್ರೆ ಬಿದ್ದ ಕ್ಷಣ ಹಳೆಯ ಪ್ರತಿಗಳೆಲ್ಲ ಎಲ್ಲ ಕಡೆಯೂ ಮುಚ್ಚಿಹೋಗುತ್ತವೆ. ಒಂದು ಕೃತಿಗೆ ಒಂದೇ ಪ್ರತಿ ಎಂಬುದು ಇಲ್ಲಿಯ ಕಾನೂನು. ಕೆಲಸದ ಮೊದಲ ದಿನ ನಾವು ಆಟದ ಮೇಲೆ ‘ಹಣಿಗೆ’ ಓಡಿಸುತ್ತೇವೆ. ಸೊಟ್ಟಗಿದ್ದುದನ್ನೆಲ್ಲ ನೆಟ್ಟಗೆ ಮಾಡುವ ಯಂತ್ರ ಅದು. ಊಟಕ್ಕೆ ಮೊದಲು ಕೈ ತೊಳೆದ ಹಾಗೆ, ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಲಿಲ್ಲ. ನಿಮ್ಮ ಆಟಕ್ಕೆ ಹೊಳಪು ಬಂದ ಮೇಲೆ ಜಂಬದಿಂದ ಮೊದಲು ಅಪ್ಪನಿಗೇ ಆಡಲು ಕೊಟ್ಟೆ. ಬಣ್ಣ ಚೆನ್ನಾಗಿತ್ತು, ಗಿರಮಿಟ್ಟಿನ ಮೇಲಿನ ಈರುಳ್ಳಿ ಕೂಡ ಎಣಿಸುವಂತಿತ್ತು. ಗಿರಾಕಿಗೆ ಮೊದಲನೆಯ ಅಂಗಿಯೇ ಸರಿಹೊಂದಿತು, ಎದ್ದು ಹೊರಟುಹೋದ. ಅಪ್ಪ ಪರದೆ ನೋಡಿದ, ತನ್ನ ಎಡಗೈ ನೋಡಿಕೊಂಡ.

“ಇವನ ಕೈ ಯಾರವ್ವಾ ಜಗ್ಗಿ ಉದ್ದ ಮಾಡಿದವ್ರು? ಅವಂಗ ನೋವಾಗಿಲ್ಲೇನು?” ಎಂದ.

ಅಂದಿನಿಂದ ಮೂರು ದಿನವಾಯಿತು. ಹಳೆಯ ಆಟ ಮುಂದಿಟ್ಟರೂ ಅವನ ಕೈಗೆ ನಂಬಿಕೆ ಬರುತ್ತಿಲ್ಲ. ಗುಟುಕು ನೀರು ಬಿಟ್ಟರೆ ಏನೂ ಹೊಟ್ಟೆಗೆ ಹೋಗಿಲ್ಲ. ಇದು ನಾನೇ ಮಾಡಿದ ಪಾಪ, ಸಂಕಟದಿಂದ ಹೇಳುತ್ತಿದ್ದೇನೆ.

ಹೊಸ ಪ್ರತಿಯಲ್ಲಿ ಗಿರಾಕಿಯ ತೋಳನ್ನು ಮತ್ತೆ ಗಿಡ್ಡ ಮಾಡಿದೆ. ಮುದ್ರೆಯ ಅಧಿಕಾರಿ ನೀಲಾಂಬಿಕೆ ಅದನ್ನು ಹಿಡಿದಳು. ಬೇಕೆಂದೇ ಮಾಡಿದ್ದೆಂದು ಆಟ ಮಾಡಿದವರೇ ಬರೆದಿಡದ ಸೊಟ್ಟೆಲ್ಲ ದೋಷವೇ, ತಿದ್ದಬೇಕು ಎಂಬುದು ನಿಯಮ. ಅವಳು ಕೆಟ್ಟವಳಲ್ಲ, ಅಪ್ಪನ ಕಥೆ ಕೇಳಿ ಕಣ್ಣು ಒರೆಸಿಕೊಂಡಳು. ಆದರೂ “ಪ್ರೀತಿ ತೋರಸಬ್ಯಾಡ ಮುಕ್ತಾ, ಪುರಾವೆ ತೋರಸು” ಎಂದಳು. ನಿಮ್ಮ ಆಟದ ಕಡತಗಳನ್ನೆಲ್ಲ ಜಾಲಾಡಿದೆ. ಮುಳ್ಳುಭೂತದ ಕಚಗುಳಿಯ ಪಕ್ಕದಲ್ಲಿ ಮೂರು ಸಾಲು ತಮಾಷೆ ಬರೆದಿದ್ದೀರಿ, ಪುಣ್ಯಾತ್ಗಿತ್ತಿ! ಗಿರಾಕಿಯ ಎಡಗೈಯ ಅಳತೆಯ ಪಕ್ಕದಲ್ಲಿ ಒಂದಕ್ಷರವಿಲ್ಲ.

ಅಮ್ಮಾ, ಆ ಅಳತೆಯ ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಹಿಂದಂಚೆ ನಿಮಗೆ ಮುಟ್ಟಿ ನೀವು ಬರೆದೊಡನೆ ಇಲ್ಲಿಯ ಹಳೆಯ ಕಡತವೂ ಬದಲಾಗುತ್ತದೆ. ಹನ್ನೆರಡಕ್ಕೆ ಐದು ನಿಮಿಷವಿದೆ ಎನ್ನುವಾಗ ನೀಲಾಂಬಿಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ತೆರೆಯುತ್ತೇನೆ. ನೀವು ಬೇಕೆಂದೇ ಆ ತೋಳನ್ನು ಗಿಡ್ಡ ಮಾಡಿದ್ದರೆ ಹಾಗೆಂದು ಬರೆದರೆ ಸಾಕು.

ಬೇಕೆಂದು ಮಾಡಿದ್ದಲ್ಲ, ಬೆರಳು ಜಾರಿ ಬಿದ್ದ ಅಂಕಿ ಎಂದಾದರೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಸುಳ್ಳು ಬರೆಯಿರಿ. ಇವನ ಕೈ ಇರುವುದೇ ಹೀಗೆ, ಯಾರೂ ಜಗ್ಗಬೇಡಿ ಎಂದು ಬರೆಯಿರಿ. ಅಪ್ಪ ರೊಟ್ಟಿಯ ತಟ್ಟೆಯ ಮುಂದೆ ಎಡಗೈಯನ್ನು ಯಾರಾದರೂ ಜಗ್ಗಿಯಾರೆಂಬಂತೆ ಬಲಗೈಯಿಂದ ಮುಚ್ಚಿಕೊಂಡು ಕೂತಿದ್ದಾನೆ.