ಮರದ ಬತ್ತಿಯ ಸದ್ದು

ಅಕ್ಕಾ,

ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಕಣ್ಣು ಹೋದ ಮೇಲೆ ಅಮ್ಮ ಊಟವನ್ನೂ ಬಿಟ್ಟಿದ್ದಾಳೆ. ನಿನ್ನೆ ಮಧ್ಯಾಹ್ನ ಏನೂ ತೋಚದೆ, ನೀನು ಮನೆ ಬಿಡುವಾಗ ಕಪಾಟಿನಲ್ಲಿ ಉಳಿದಿದ್ದ, ದಾರದ ಬದಲು ತೆಳು ಮರದ ಪಟ್ಟಿಯನ್ನೇ ಬತ್ತಿಯಾಗಿಟ್ಟು ನೀನೇ ಎರೆದ ಮೇಣದಬತ್ತಿ ಹಚ್ಚಿದೆ. ಬತ್ತಿ ಚಿಟಪಟ ಅಂದದ್ದೇ ತಡ, ಅಮ್ಮ ಮುಖ ಎತ್ತಿದಳು. ನಿನ್ನ ಕೋಣೆಯಿಂದ ಸದಾ ಕೇಳುತ್ತಿದ್ದ ಸದ್ದಲ್ಲವೇ ಅದು.

"ದೊಡ್ಡವಳು ಬಂದ್ಳಾ?"

ಹೂಂ ಎಂದೆ. ಅರ್ಧ ಲೋಟ ಹಾಲು ಕುಡಿದಳು.

ಅವಳಿಗೆ ನಿದ್ದೆ ಹತ್ತಿದ ಕೂಡಲೇ, ಉಳಿಸೋಣವೆಂದು ಆರಿಸಿಬಿಟ್ಟೆ. ಅದೇ ತಪ್ಪಾಯಿತು. "ಮೇಣ ಅಂಚಿನ ತನಕ ಕರಗೋವರೆಗೂ ಆರಿಸ್ಬೇಡ. ಬತ್ತಿ ತುದಿಯ ಕರಕಲು ಮುರಿದೇ ಮತ್ತೆ ಹಚ್ಚು" ಅಂತ ನೀನು ಹೇಳುತ್ತಿದ್ದೆ. "ಮೇಣಕ್ಕೂ ಒಂದು ಶಾಸ್ತ್ರ" ಎಂದು ನಾನು ನಗುತ್ತಿದ್ದೆ. ಇವತ್ತು ಹಚ್ಚಿದರೆ ನಡುವೆ ಗುಂಡಿ ಬಿದ್ದು, ಕರಗಿದ ಮೇಣದಲ್ಲಿ ಉರಿ ಮುಳುಗಿಹೋಯಿತು. ಹತ್ತಿಯಿಂದ ಮೇಣ ಹೀರಿ ತೆಗೆದೆ. ಕರಕಲು ಮುರಿಯಹೋದರೆ ಬತ್ತಿಯೇ ಬುಡದಿಂದ ಕಿತ್ತು ಬಂತು. ಅದನ್ನೇ ಮತ್ತೆ ಚುಚ್ಚಿ ನಿಲ್ಲಿಸಿ ಒಂದು ಪೊಟ್ಟಣ ಕಡ್ಡಿ ಗೀರಿದರೂ ಹತ್ತಲಿಲ್ಲ.

ಅಮ್ಮ ಕಿವಿಗೊಟ್ಟು ಕಾದಳು.

"ಯಾಕೆ ಸುಮ್ನಾದ್ಳು? ನೀನೇನಾದ್ರೂ ಅಂದ್ಯಾ ಅವಳಿಗೆ?"

"ಇಲ್ಲಮ್ಮ" ಎಂದೆ.

ಹಾಲಿನ ಲೋಟವನ್ನು ಅವಳ ತುಟಿಗೆ ಹಿಡಿದುಕೊಂಡೇ ಕೂತೆ. ಅಮ್ಮ ಬಾಯಿ ತೆರೆಯಲಿಲ್ಲ.